ಕಾಗುಣಿತ ಬಾಯಿಪಾಠ, ಆದರೆ ಓದು ಬರುತ್ತಿಲ್ಲ: ನೀವೆಲ್ಲ ಓದಲು ಕಲಿತದ್ದು ಹೇಗೆ?

ಶಹಾಪುರದ_ಅವ್ವ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಕನ್ನಡ ಶಾಲೆಯಲ್ಲಿ ಒಂದನೇ ತರಗತಿ. ಕಾಗುಣಿತದ ಬಳ್ಳಿ ಪೂರ್ತಿ ಬಾಯಿಪಾಠ. ಎಲ್ಲೂ ತಡವರಿಸದೆ ಹೇಳುತ್ತಾಳೆ. ಮನೆಗೆ ಬಂದವರೆಲ್ಲ "ಭಾಳ ಶಾಣ್ಯಾ ಹುಡುಗಿ" ಅಂತ ಹೊಗಳಿ ಹೋಗುತ್ತಾರೆ.

ಆದರೆ ಪಾಟಿಯ ಮೇಲೆ "ಗಿಡ" ಅಂತ ಬರೆದು ಓದು ಅಂದರೆ ಸುಮ್ಮನೆ ನಿಲ್ಲುತ್ತಾಳೆ. ಆಮೇಲೆ ಬಾಯೊಳಗೇ "ಗ, ಗಾ, ಗಿ" ಅಂತ ಎಣಿಸಿಕೊಂಡು ಬಂದು "ಗಿ" ಹತ್ತಿರ ನಿಲ್ಲುತ್ತಾಳೆ. ನಂತರ "ಡ". ಎರಡನ್ನೂ ಹೇಳಿ ಮುಗಿಸಿ ನನ್ನ ಮುಖ ನೋಡುತ್ತಾಳೆ. "ಗಿಡ" ಅನ್ನುವ ಮಾತು ಹೊರಗೆ ಬರುವುದೇ ಇಲ್ಲ. ಅಂಗಳದ ಗಿಡಕ್ಕೆ ದಿನಾ ನೀರು ಹಾಕುವವಳು ಅವಳೇ!

ಅತ್ತೆಯವರು ಟ್ಯೂಶನ್‌ಗೆ ಹಾಕು ಅನ್ನುತ್ತಿದ್ದಾರೆ. ಪಕ್ಕದ ಮನೆಯವರು ಇಂಗ್ಲಿಷ್ ಶಾಲೆಗೆ ಹಾಕಬೇಕಿತ್ತು ಅನ್ನುತ್ತಾರೆ. ನನಗೆ ಅವಸರ ಇಲ್ಲ, ಆದರೆ ಅವಳಿಗೆ ಓದು ಬೇಸರ ಆಗಬಾರದು. ಅದಕ್ಕೇ ಕೇಳುತ್ತಿದ್ದೇನೆ. ನೀವು ಚಿಕ್ಕವರಿದ್ದಾಗ ಓದು ಹತ್ತಿದ್ದು ಹೇಗೆ? ಮನೆಯಲ್ಲಿ ಯಾರು ಏನು ಮಾಡಿದರು? ನಮ್ಮ ಕಡೆಯ ಮಾತು ಬಲ್ಲವರು ಹೇಳಿದರೆ ಇನ್ನೂ ಒಳ್ಳೆಯದು.

ಜಾತ್ರೆಯ_ಹುಡುಗ, ಬಾದಾಮಿ ತಾಲೂಕು

ಅಕ್ಕಾವ್ರೆ, ನನಗೆ ಓದು ಹತ್ತಿದ್ದು ಶಾಲೆಯಲ್ಲಿ ಅಲ್ಲ, ಬನಶಂಕರಿ ಜಾತ್ರೆಯಲ್ಲಿ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ಜಾತ್ರೆ ಹೆಚ್ಚೂಕಮ್ಮಿ ತಿಂಗಳು ಇರುತ್ತದೆ. ನಾಟಕ ಕಂಪನಿಗಳು ಸಾಲಾಗಿ ಟೆಂಟ್ ಹಾಕುತ್ತವೆ. ನಮ್ಮಪ್ಪ ಅಲ್ಲಿ ಬೆಂಡು, ಬತ್ತಾಸು ಮಾರುತ್ತಿದ್ದರು. ನಾನು ಅಂಗಡಿಯ ಪಕ್ಕ ಕೂತಿರುತ್ತಿದ್ದೆ. ಎದುರಿಗೇ ನಾಟಕದ ಬೋರ್ಡು.

ಮೈಕಿನಲ್ಲಿ ದಿನವಿಡೀ ಒಂದೇ ಮಾತು: "ಇಂದು ರಾತ್ರಿ, ಇಂದು ರಾತ್ರಿ." ಬೋರ್ಡಿನಲ್ಲಿ ಆಳೆತ್ತರದ ಅಕ್ಷರದಲ್ಲಿ ಅದೇ ಮಾತು. ಕೇಳಿ ಕೇಳಿ, ನೋಡಿ ನೋಡಿ ಒಂದು ದಿನ ಎರಡೂ ಒಂದೇ ಅಂತ ಹೊಳೆಯಿತು. ಆಮೇಲೆ ಟಿಕೆಟ್ ಕೊಡುವ ಕಿಟಕಿ. ಒಂದರ ಮೇಲೆ "ನೆಲ", ಇನ್ನೊಂದರ ಮೇಲೆ "ಖುರ್ಚಿ". ನೆಲದ ಟಿಕೆಟ್ಟಿಗೆ ಉದ್ದನೆಯ ಸಾಲು, ಖುರ್ಚಿಗೆ ಸಣ್ಣ ಸಾಲು. ಯಾವುದು ಯಾವುದು ಅಂತ ಯಾರೂ ಹೇಳಿಕೊಡಬೇಕಿರಲಿಲ್ಲ.

"ಖುರ್ಚಿ"ಯಲ್ಲಿ ಚಿ ಆದ ಮೇಲೆ ಒಂದು ಕೊಕ್ಕೆ ಇತ್ತು. ಅದೇನು ಅಂತ ಅಪ್ಪನನ್ನು ಕೇಳಿದೆ. "ಅದು ಹಿಂದ ಕುಂತರೂ ಮುಂದ ಮಾತಾಡತೈತಿ, ಮೊದಲ ಅದನ್ನ ಅನ್ನು" ಅಂದರು. ಅರ್ಕಾವತ್ತಿನ ಬಗ್ಗೆ ಅದಕ್ಕಿಂತ ಚೆಂದಾಗಿ ಹೇಳಿದವರನ್ನು ನಾನು ಇವತ್ತಿಗೂ ಕಂಡಿಲ್ಲ. ಅಪ್ಪ ಓದಿದ್ದು ಮೂರನೇತ್ತೆ ಅಷ್ಟೇ.

ನಿಮ್ಮ ಮಗಳಿಗೂ ಕಿವಿಗೆ ಬಿದ್ದ ಮಾತು ಕಣ್ಣಿಗೂ ಬೀಳುವಂತೆ ಮಾಡಿ. ದಾರಿ ಅದೇ.

ನಲಿಕಲಿ_ಅಕ್ಕೋರು, ಜಮಖಂಡಿ

ನಾನು ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಕಲಿಸುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ಮೊದಲು ಒಂದು ಸಮಾಧಾನ. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರ ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಮಗು ಕಣ್ಣಲ್ಲಿ ಹಿಡಿಯಬೇಕಾದ ರೂಪಗಳು ಎಷ್ಟು? 34 ವ್ಯಂಜನ, ಒಂದೊಂದಕ್ಕೂ ಕ ದಿಂದ ಕಃ ತನಕ 15 ರೂಪ. ಅಲ್ಲಿಗೇ 510 ಆಯಿತು. ಒತ್ತಕ್ಷರ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಇಂಗ್ಲಿಷಿನಲ್ಲಿ ದೊಡ್ಡದು, ಸಣ್ಣದು ಎರಡೂ ಸೇರಿ 52. ಕನ್ನಡ ಮಕ್ಕಳು ಓದು ಕಲಿಯುವ ಬಗೆಯ ಮೇಲೆ ಸೋನಾಲಿ ನಾಗ್ ಅವರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಅಕ್ಷರಗಳ ಹಿಡಿತ ಮೊದಲ ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ, ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ ಅಂತ ಅದರಲ್ಲಿ ಕಂಡುಬಂದಿತ್ತು. ನಿಮ್ಮ ಮಗಳು ಇನ್ನೂ ಒಂದನೇ ತರಗತಿ. ಹಿಂದೆ ಬಿದ್ದಿದ್ದಾಳೆ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಈಗ ವಿಷಯಕ್ಕೆ. ನಲಿಕಲಿ ಅಂದರೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ಸಣ್ಣ ಮಕ್ಕಳಿಗೆ ಆಟದ ಜೊತೆ ಪಾಠ ಕಲಿಸುವ ಪದ್ಧತಿ. ಅದು ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. 2009ರಿಂದ ರಾಜ್ಯದ ಎಲ್ಲ ಕಡೆ ಬಂತು. ನಾವು ಅ, ಆ, ಇ, ಈ ಅಂತ ಸಾಲಾಗಿ ಕಲಿಸುವುದಿಲ್ಲ. ಮೊದಲು ಐದೇ ಅಕ್ಷರ: ರ, ಗ, ಸ, ದ, ಅ. ಬರೆಯಲು ಸುಲಭ, ರೂಪದಲ್ಲಿ ಒಂದಕ್ಕೊಂದು ಹತ್ತಿರ. ಮುಖ್ಯ ಏನೆಂದರೆ ಈ ಐದರಲ್ಲೇ ಮಾತು ಹುಟ್ಟುತ್ತದೆ. ಸರ, ರಸ, ಅರಸ, ಅಗಸ, ಗರಗಸ. ಕಾಗುಣಿತ ಬೇಡ, ಒತ್ತು ಬೇಡ.

ನಮ್ಮ ಕಡೆಯ ಮಕ್ಕಳಿಗೆ ಇನ್ನೊಂದು ಅನುಕೂಲ ಇದೆ. ಗ, ದ, ಗ. ಓದಿ ನೋಡಿ. ಗದಗ! ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಆ ಬೋರ್ಡು ಕಂಡ ಮಗು ಅಲ್ಲೇ ಕುಣಿಯುತ್ತದೆ. ನಂತರದ ಐದು ಅಕ್ಷರ ಜ, ವ, ಮ, ಬ, ನ. ಹತ್ತು ಅಕ್ಷರಕ್ಕೆ "ಜನ", "ಮರ", "ಬಸವ" ಬರುತ್ತವೆ. ಬಾಗಲಕೋಟೆಯಲ್ಲಿ ಬೆಳೆಯುವ ಮಗುವಿಗೆ "ನವನಗರ" ಕೂಡ ಬರುತ್ತದೆ. ಐದಕ್ಷರದ ಊರಿನ ಹೆಸರು, ಒಂದೂ ದೀರ್ಘ ಇಲ್ಲ, ಕೊಂಬಿಲ್ಲ. ಪುಸ್ತಕ ಬರೆದವರಿಗೆ ನವನಗರ ನೆನಪಿತ್ತೋ ಇಲ್ಲವೋ, ನಮ್ಮ ಮಕ್ಕಳಿಗಂತೂ ಅದು ಹಬ್ಬ.

ಬಳ್ಳಿ ಬಾಯಿಪಾಠ ಇರುವುದು ಕೆಟ್ಟದ್ದಲ್ಲ. ಆದರೆ ಈಗ ಅದು ಅವಳ ಬಾಯಲ್ಲಿ ಹಾಡಾಗಿ ಕೂತಿದೆ. ಹಾಡಿನ ನಡುವಿನಿಂದ ಒಂದು ಮಾತು ಎತ್ತಿ ಹೇಳು ಅಂದರೆ ದೊಡ್ಡವರೂ ಮೊದಲಿನಿಂದ ಹಾಡಿಕೊಂಡೇ ಬರುತ್ತೇವೆ, ಅಲ್ವಾ? ಹಾಗಾಗಿ ಕೆಲವು ದಿನ ಬಳ್ಳಿ ಬಿಡಿ. ದಪ್ಪ ರಟ್ಟಿನಲ್ಲಿ ಐದು ಕಾರ್ಡ್ ಮಾಡಿ. ಎರಡು ಎತ್ತಿ ಪಕ್ಕಪಕ್ಕ ಇಡಿ. "ಸ" ಅಂದು ಉಸಿರು ಬಿಡದೆ "ರ" ಅನ್ನಿಸಿ. ನಡುವೆ ನಿಲ್ಲಿಸಿದರೆ ಎರಡು ಅಕ್ಷರ, ನಿಲ್ಲಿಸದಿದ್ದರೆ ಕೊರಳಿನ ಸರ. ಅವಳ ಕೊರಳು ಮುಟ್ಟಿ ತೋರಿಸಿ.

ಹಳೆಯ_ಮಾಸ್ತರ, ಇಂಡಿ

ಅಕ್ಕೋರ ಮಾತಿಗೆ ಗೌರವ ಇದೆ. ಆದರೆ ಒಂದು ಮಾತು ಹೇಳಲೇಬೇಕು. ಬಾಯಿಪಾಠವನ್ನು ಈಗ ಎಲ್ಲರೂ ಬೈಯುತ್ತಾರೆ. ನಾನು ಬಿನ್ನೆತ್ತೆಯಿಂದ (ಒಂದನೇತ್ತೆಗೂ ಮೊದಲಿನ ತರಗತಿ) ಏಳನೇತ್ತೆ ತನಕ ಎಲ್ಲರಿಗೂ ಕಲಿಸಿದವನು. ಬಳ್ಳಿ ಬಂದ ಮಗು ದಾರಿ ತಪ್ಪುವುದಿಲ್ಲ. ಒಂದು ಅಕ್ಷರ ಮರೆತರೂ ಅದರ ಹಿಂದಿನದನ್ನು ಹಿಡಿದು ತಾನೇ ಏರಿ ಬರುತ್ತದೆ. ಈ ತಾಯಿ ಬರೆದದ್ದು ನೋಡಿ. ಮಗು "ಗ, ಗಾ, ಗಿ" ಅಂತ ತಾನೇ ಹುಡುಕಿಕೊಂಡಿತು, ಯಾರನ್ನೂ ಕೇಳಲಿಲ್ಲ. ಅದು ಸಣ್ಣ ಮಾತಲ್ಲ. ಬಳ್ಳಿ ಬಾರದ ಮಗು ಅಲ್ಲಿ ಏನು ಮಾಡುತ್ತಿತ್ತು? ಊಹೆ ಮಾಡಿ ಏನೋ ಒಂದು ಅನ್ನುತ್ತಿತ್ತು.

ನಮ್ಮೂರಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಮಕ್ಕಳು ಕೂತು ಬಳ್ಳಿ, ಮಗ್ಗಿ ಹೇಳುತ್ತಿದ್ದರು. ಕರೆಂಟು ಇರಲಿಲ್ಲ, ಪುಸ್ತಕ ಇರಲಿಲ್ಲ. ಇಡೀ ಓಣಿಗೆ ಒಂದು ಅಂಕಲಿಪಿ. ಹಾಗಾಗಿ ಬಾಯೇ ಪುಸ್ತಕ ಆಗಬೇಕಿತ್ತು. ಆ ಮಕ್ಕಳೇ ಮುಂದೆ ಪೇಪರ್ ಓದಿದರು, ಕಾಗದ ಬರೆದರು.

ನಲಿಕಲಿ_ಅಕ್ಕೋರು, ಜಮಖಂಡಿ

ಗುರುಗಳೇ, ಆ ಮಕ್ಕಳಲ್ಲಿ ಓದಿದವರು ನಿಮಗೆ ನೆನಪಿದ್ದಾರೆ. ಓದು ಹತ್ತದೆ ಎರಡನೇತ್ತೆಗೇ ಶಾಲೆ ಬಿಟ್ಟು ಕುರಿ ಕಾಯಲು ಹೋದವರು ಎಷ್ಟು ಮಂದಿ ಇದ್ದರು? ನಮ್ಮ ಮನೆಯಲ್ಲೇ ಇದ್ದಾರೆ. ನಮ್ಮ ದೊಡ್ಡಪ್ಪನಿಗೆ ಇವತ್ತಿಗೂ ಬಳ್ಳಿ ಪೂರ್ತಿ ಬರುತ್ತದೆ. ಬಸ್ಸಿನ ಬೋರ್ಡು ಓದಲು ಬರುವುದಿಲ್ಲ.

ಇದು ಹಳೆಯ ಕಾಲದ ಮಾತು ಮಾತ್ರ ಅಲ್ಲ. ಹಳ್ಳಿ ಮಕ್ಕಳ ಓದು, ಲೆಕ್ಕವನ್ನು ಮನೆಮನೆಗೆ ಹೋಗಿ ಪರೀಕ್ಷಿಸುವ ಅಸರ್ ಸಮೀಕ್ಷೆಯ 2024ರ ವರದಿ ಪ್ರಕಾರ ದೇಶದ ಹಳ್ಳಿಗಳಲ್ಲಿ ಮೂರನೇ ತರಗತಿಯ ನೂರು ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಸುಮಾರು 27. ಉಳಿದವರು ಅಕ್ಷರವೇ ಗೊತ್ತಿಲ್ಲದವರಲ್ಲ. ಎಷ್ಟೋ ಮಕ್ಕಳಿಗೆ ಅಕ್ಷರ ಗೊತ್ತು, ಪದ ಗೊತ್ತು, ಸಾಲು ಬರುವುದಿಲ್ಲ.

ಹಳೆಯ_ಮಾಸ್ತರ, ಇಂಡಿ

ನೀವು ಹೇಳಿದ್ದು ಖರೆ. ಶಾಲೆ ಬಿಟ್ಟವರ ಲೆಕ್ಕ ಯಾರೂ ಇಡಲಿಲ್ಲ.

ಆದರೂ ಬಳ್ಳಿಯನ್ನು ಬಿಡಿ ಅನ್ನಬೇಡಿ, ತಿರುಗಿಸಿ ಅನ್ನಿ. ನಾನು ಒಂದು ಉಪಾಯ ಮಾಡುತ್ತಿದ್ದೆ. ಗೋಡೆಯ ಕಾಗುಣಿತದ ಚಾರ್ಟನ್ನು ಎಲ್ಲರೂ ಅಡ್ಡ ಓದಿಸುತ್ತಾರೆ: ಕ, ಕಾ, ಕಿ, ಕೀ. ನಾನು ಮೇಲಿಂದ ಕೆಳಕ್ಕೆ ಓದಿಸುತ್ತಿದ್ದೆ: ಕಿ, ಖಿ, ಗಿ, ಘಿ, ಚಿ. ಆಗ ಮಗುವಿಗೆ ಗುಡಿಸು ಕಣ್ಣಿಗೆ ಬೀಳುತ್ತದೆ. ಅಕ್ಷರ ಬದಲಾದರೂ ತಲೆಯ ಮೇಲಿನ ಆ ಸುರುಳಿ ಅದೇ, ದನಿಯ ಕೊನೆಯೂ ಅದೇ. ಒಂದು ಸಲ ಅದು ತಿಳಿಯಿತು ಅಂದರೆ 510 ರೂಪ ಕಲಿಯುವ ಕೆಲಸ ಇಲ್ಲ. ಮೂಲ ಅಕ್ಷರ ಗೊತ್ತು, ಗುರುತು ಗೊತ್ತು, ಎರಡನ್ನೂ ಕೂಡಿಸಿದರೆ ಆಯಿತು. ಅಡ್ಡ ಓದಿದರೆ ಹಾಡಾಗುತ್ತದೆ, ಉದ್ದ ಓದಿದರೆ ಕಣ್ಣು ಕೆಲಸ ಮಾಡುತ್ತದೆ.

ನಲಿಕಲಿ_ಅಕ್ಕೋರು, ಜಮಖಂಡಿ

ಇದನ್ನು ನಾಳೆಯೇ ನಮ್ಮ ತರಗತಿಯಲ್ಲಿ ಮಾಡುತ್ತೇನೆ ಗುರುಗಳೇ. ಒಂದಷ್ಟು ಅಕ್ಷರಗಳ ಆಕಾರ ಸ್ವಲ್ಪ ಬದಲಾಗುತ್ತದೆ, ಮ, ಯ ದಂಥವುಗಳಲ್ಲಿ ಮಕ್ಕಳು ಎಡವುತ್ತಾರೆ. ಅವನ್ನು ಕೊನೆಗೆ ಇಟ್ಟುಕೊಂಡರೆ ಚೆನ್ನಾಗಿ ಹೋಗುತ್ತದೆ.

ಗಾಂಧಿಚೌಕದ_ಓದುಗ, ವಿಜಯಪುರ

ಬಾಯಿಪಾಠ ಬೇಕೋ ಬೇಡವೋ ಅನ್ನುವುದಕ್ಕಿಂತ, ಏನನ್ನು ಬಾಯಿಪಾಠ ಮಾಡಿಸಿದ್ದೇವೆ ಅನ್ನುವುದು ಮುಖ್ಯ ಅನಿಸುತ್ತದೆ. ನಮ್ಮ ಅಜ್ಜಿಯ ಕಥೆ ಹೇಳುತ್ತೇನೆ.

ಅಜ್ಜಿಗೆ ವಚನಗಳು ಬಾಯಲ್ಲೇ ಇದ್ದವು. ಓದಲು ಬರುತ್ತಿರಲಿಲ್ಲ. ಮಠದಲ್ಲಿ, ಮನೆಯಲ್ಲಿ ಕೇಳಿ ಕೇಳಿ ಬಂದದ್ದು. ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ತಾಳೆಗರಿ ಕೂಡಿಹಾಕಿ, 1923ರಲ್ಲಿ ವಚನಶಾಸ್ತ್ರಸಾರ ಹೊರತಂದರು. 1925ರಲ್ಲಿ ಇಲ್ಲೇ ಹಿತಚಿಂತಕ ಮುದ್ರಣಾಲಯ ತೆರೆದರು, ಅದಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಅವರ ಕೆಲಸದಿಂದ ವಚನಗಳು ನಮ್ಮಂಥ ಮನೆಗಳಿಗೆ ಪುಸ್ತಕವಾಗಿ ಬಂದವು. ಅಜ್ಜಿಯ ಮದುವೆಯಾದ ಮೇಲೆ ಅಜ್ಜ ಅಂಥದ್ದೊಂದು ಪುಸ್ತಕ ತಂದು ಅವರ ಮುಂದೆ ಇಟ್ಟರಂತೆ. "ನಿನಗ ಗೊತ್ತಿದ್ದದ್ದ ಇದರಾಗ ಐತಿ, ಬಟ್ಟು ಇಟಗೊಂಡು ಅನ್ನು" ಅಂದರಂತೆ.

ಅಜ್ಜಿ ಒಂದೊಂದು ಮಾತಿಗೂ ಬೆರಳು ಇಟ್ಟು ನಿಧಾನಕ್ಕೆ ಹೇಳುತ್ತಾ ಹೋದರು. ಬಾಯಿ ಮುಂದೆ ಹೋದರೆ ಬೆರಳು ಹಿಂದೆ ಉಳಿಯುತ್ತಿತ್ತು. ಆಗ ತಿರುಗಿ ಸಾಲಿನ ಮೊದಲಿಗೆ ಬರುತ್ತಿದ್ದರು. ಹಾಗೆಯೇ ಓದು ಬಂತು. ಮುಂದೆ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದೇ ಪುಸ್ತಕದಲ್ಲಿ ನನ್ನ ಬೆರಳು ಹಿಡಿದು ಓಡಿಸಿದರು. ನನಗೆ ವಚನದ ಅರ್ಥ ಆಗುತ್ತಿರಲಿಲ್ಲ. ಆದರೆ ಪ್ರತಿ ವಚನದ ಕೊನೆಗೆ ಅಂಕಿತ ಬರುತ್ತದಲ್ಲ, ಅದು ಬಂದಾಗೆಲ್ಲ ಗುರುತು ಹಿಡಿಯುತ್ತಿದ್ದೆ. ಪುಟ ತಿರುವಿದರೂ ಅದೇ ಆಕಾರ ಅಲ್ಲೂ ಇರುತ್ತಿತ್ತು. ನಾನು ಓದಿದ ಮೊದಲ ಪದಗಳು ಅವೇ.

ಅಕ್ಕಾವ್ರೆ, ನಿಮ್ಮ ಮಗಳಿಗೆ ಬಾಯಲ್ಲಿ ಬರುವ ಹಾಡು ಯಾವುದಾದರೂ ಇದೆಯಾ? ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಬೆರಳಿಟ್ಟು ಹೇಳಿಸಿ ನೋಡಿ.

ತಾಂಡಾದಿಂದ, ವಿಜಯಪುರ ಜಿಲ್ಲೆ

ಎಲ್ಲರದೂ ಓದಿದೆ. ಮನಸ್ಸು ತುಂಬಿತು. ಆದರೆ ನೀವೆಲ್ಲ ಬರೆದಿರುವುದು ಕನ್ನಡ ಮನೆಮಾತಾಗಿರುವವರ ಕಥೆ. ನಮ್ಮ ಮನೆಮಾತು ಲಂಬಾಣಿ. ಶಾಲೆಗೆ ಹೋದಾಗ ನನಗೆ ಕನ್ನಡ ಅಷ್ಟಕ್ಕಷ್ಟೇ. ಅಕ್ಕೋರು "ಸರ" ಅಂತ ಓದಿಸಿ ಕೊರಳು ಮುಟ್ಟಿ ತೋರಿಸಿದರೂ ನನಗೆ ಅದು ಎರಡು ಹೊಸ ಕೆಲಸ. ಅಕ್ಷರವೂ ಹೊಸದು, ಮಾತೂ ಹೊಸದು.

ಜೊತೆಗೆ ಇನ್ನೊಂದು ಕಷ್ಟ. ದೀಪಾವಳಿ ಹೊತ್ತಿಗೆ ಅಪ್ಪ, ಯಾಡಿ (ಅವ್ವ) ಇಬ್ಬರೂ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಹೋಗುತ್ತಿದ್ದರು. ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಕಾರ್ಖಾನೆ ಸೀಸನ್ ಮುಗಿದು ಊರಿಗೆ ಬರುವಷ್ಟರಲ್ಲಿ ಪರೀಕ್ಷೆ ಎದುರಿಗೇ ನಿಂತಿರುತ್ತಿತ್ತು. ಕಲಿತದ್ದು ಅರ್ಧ ಅಳಿಸಿ ಹೋಗಿರುತ್ತಿತ್ತು.

ನನಗೆ ಓದು ಬಂದದ್ದು ಒಬ್ಬ ಮಾಸ್ತರರಿಂದ. ಅವರು ಲಂಬಾಣಿ ಅಲ್ಲ. ಒಂದು ದಿನ ನಮ್ಮನ್ನೆಲ್ಲ ಸುತ್ತ ಕೂರಿಸಿಕೊಂಡು "ನಿಮ್ಮ ಮನ್ಯಾಗ ಅವ್ವಗ ಏನಂತೀರಿ?" ಅಂತ ಕೇಳಿದರು. ಯಾಡಿ ಅಂದೆವು. ನೀರಿಗೆ? ಪಾಣಿ. ರೊಟ್ಟಿಗೆ? ಬಾಟಿ. ಮೂರನ್ನೂ ಕಪ್ಪುಹಲಗೆಯ ಮೇಲೆ ಕನ್ನಡ ಅಕ್ಷರದಲ್ಲೇ ಬರೆದರು. ಯಾಡಿ, ಪಾಣಿ, ಬಾಟಿ. ಮೂರರಲ್ಲೂ ಮೊದಲ ಅಕ್ಷರಕ್ಕೆ ಇಳಿ, ಎರಡನೆಯದಕ್ಕೆ ಗುಡಿಸು. ನಾವು ಮಾಸ್ತರರು ಹೇಳಿಕೊಡುವ ಮೊದಲೇ ಓದಿಬಿಟ್ಟೆವು. ನಮ್ಮ ಮಾತನ್ನು ಹಲಗೆಯ ಮೇಲೆ ಬರೆಯಬಹುದು ಅಂತ ಆವತ್ತೇ ಗೊತ್ತಾದದ್ದು. ತರಗತಿಯಲ್ಲಿ ಗದ್ದಲವೋ ಗದ್ದಲ. ಪ್ರತಿಯೊಬ್ಬರೂ ಒಂದೊಂದು ಮಾತು ಕೂಗಿ "ಇದ ಬರೀರಿ, ಇದ ಬರೀರಿ" ಅನ್ನುತ್ತಿದ್ದೆವು.

ನಾನು ಈಗ ನೌಕರಿಯಲ್ಲಿದ್ದೇನೆ. ತಾಂಡಾದ ಶಾಲೆಗಳಲ್ಲಿ ಕಲಿಸುವ ಯಾರಾದರೂ ಇದನ್ನು ಓದುತ್ತಿದ್ದರೆ ನನ್ನದೊಂದು ಕೈಮುಗಿದ ಕೋರಿಕೆ. ಮೊದಲ ತಿಂಗಳು ಮಕ್ಕಳ ಮಾತನ್ನೇ ಬರೆದು ಓದಿಸಿ. ಕನ್ನಡ ತಾನಾಗಿ ಹಿಂದೆ ಬರುತ್ತದೆ.

ಹಳೆಯ_ಮಾಸ್ತರ, ಇಂಡಿ

ತಮ್ಮಾ, ಆ ಮಾಸ್ತರರು ಎಲ್ಲಿದ್ದರೂ ಚೆನ್ನಾಗಿರಲಿ. ನೀನು ಬರೆದದ್ದನ್ನು ನಾನು ನಮ್ಮ ಶಿಕ್ಷಕರ ಗುಂಪಿಗೆ ಕಳಿಸುತ್ತೇನೆ.

ಖಡೇಬಜಾರ್, ಬೆಳಗಾವಿ

ನಮ್ಮದು ಮರಾಠಿ ಮನೆ, ಓಣಿಯೆಲ್ಲ ಕನ್ನಡ. ಮನೆಗೆ ತರುಣ ಭಾರತ ಬರುತ್ತಿತ್ತು, ಪಕ್ಕದ ಮನೆಗೆ ಸಂಯುಕ್ತ ಕರ್ನಾಟಕ. ನನಗೆ ಎರಡೂ ಲಿಪಿ ಹತ್ತಿರಹತ್ತಿರ ಒಟ್ಟಿಗೇ ಬಂತು. ಬಜಾರಿನ ಅಂಗಡಿ ಬೋರ್ಡುಗಳಲ್ಲಿ ಒಂದೇ ಹೆಸರು ಎರಡು ಲಿಪಿಯಲ್ಲಿ ಇರುತ್ತಿತ್ತು, ಒಂದನ್ನು ನೋಡಿ ಇನ್ನೊಂದನ್ನು ಬಿಡಿಸುತ್ತಿದ್ದೆ. ಕ, ಖ, ಗ, ಘ ಅನ್ನುವ ಕ್ರಮ ಎರಡರಲ್ಲೂ ಒಂದೇ. ಹಾಗಾಗಿ ಒಂದು ಬಂದರೆ ಇನ್ನೊಂದು ಅರ್ಧ ಬಂದಂತೆ.

ನಾನು ಎಡವಿದ್ದು ಒಂದೇ ಕಡೆ. ಮರಾಠಿ ಬರಹದಲ್ಲಿ ಎ, ಏ ಬೇರೆಬೇರೆ ಇಲ್ಲ, ಒ, ಓ ಬೇರೆಬೇರೆ ಇಲ್ಲ. "ಕೊಡು" ಮತ್ತು "ಕೋಡು" ನನ್ನ ಕಣ್ಣಿಗೆ ಒಂದೇ. ಪಕ್ಕದ ಮನೆಯ ಕಾಕು ಎಮ್ಮೆಯ ಕೋಡು ತೋರಿಸಿ ತೋರಿಸಿ ಬಿಡಿಸಿ ಹೇಳಿದರು. ಬೆಳಗಾವಿಯಲ್ಲಿ ಇಂಥ ಮಕ್ಕಳು ಬಹಳ ಇದ್ದಾರೆ. ಟೀಚರ್‌ಗಳು ಇದನ್ನು ಮಗುವಿನ ಅಲಕ್ಷ್ಯ ಅಂದುಕೊಳ್ಳಬಾರದು.

ಹುನಗುಂದದ_ಅಣ್ಣ

ಮನೆಮಾತು ಕನ್ನಡವೇ ಆದರೂ ನಮ್ಮ ಮಕ್ಕಳಿಗೆ ಒಂದು ತೊಡಕು ಇದೆ. ನನ್ನ ಮಗ "ಮನೆ" ಅಂತ ಬರೆದದ್ದನ್ನು "ಮನಿ" ಅಂತ ಓದುತ್ತಾನೆ. "ಎಮ್ಮೆ"ಗೆ "ಎಮ್ಮಿ". ಅವನ ಟೀಚರ್ ತಪ್ಪು ಅಂತ ಕೆಂಪು ಗೆರೆ ಎಳೆದು ಕಳಿಸುತ್ತಾರೆ. ಈಗ ಅವನು ಓದಲು ಬಾಯಿ ತೆರೆಯುವುದಕ್ಕೇ ಹೆದರುತ್ತಾನೆ. ಏನು ಮಾಡಲಿ?

ನಲಿಕಲಿ_ಅಕ್ಕೋರು, ಜಮಖಂಡಿ

ಅಣ್ಣಾರೆ, ನಿಮ್ಮ ಮಗ ಓದುತ್ತಿದ್ದಾನೆ! ಅದನ್ನು ಮೊದಲು ತಿಳಿದುಕೊಳ್ಳಿ. ಬರೀ ಅಕ್ಷರ ಕೂಡಿಸುವ ಮಗು "ಮ, ನೆ" ಅಂದು ನಿಲ್ಲುತ್ತದೆ. "ಮನಿ" ಅಂದ ಮಗು ಪದ ನೋಡಿ, ಅರ್ಥ ಹಿಡಿದು, ತನ್ನ ಮಾತಿನಲ್ಲಿ ಹೇಳಿದೆ. ಓದು ಅಂದರೆ ಅದೇ.

ನಾನು ತರಗತಿಯಲ್ಲಿ ಹೀಗೆ ಮಾಡುತ್ತೇನೆ. "ಹೌದು, ಮನಿ. ನಾವು ಮನಿ ಅಂತೀವಿ, ಪುಸ್ತಕದಾಗ ಮನೆ ಅಂತ ಬರೀತಾರ" ಅಂತ ಹೇಳಿ ಮುಂದಿನ ಸಾಲಿಗೆ ಹೋಗುತ್ತೇನೆ. ಅಲ್ಲಿಗೆ ಬಿಟ್ಟುಬಿಡುತ್ತೇನೆ. ಪುಸ್ತಕದ ರೂಪ ಓದುತ್ತಾ ಓದುತ್ತಾ ತಾನೇ ಕೂರುತ್ತದೆ. ಬರವಣಿಗೆಗೆ ಬಂದಾಗ ತಿದ್ದಿದರೆ ಸಾಕು. ಓದುವಾಗ ತಿದ್ದಿದರೆ ಮಗು ತನ್ನ ಮನೆಯ ಮಾತೇ ತಪ್ಪು ಅಂದುಕೊಳ್ಳುತ್ತದೆ. ಅವ್ವ ಆಡುವ ಮಾತು ತಪ್ಪು ಅಂತ ಆರು ವರ್ಷದ ಮಗುವಿಗೆ ಅನಿಸಬಾರದು. ಟೀಚರ್ ಹತ್ತಿರ ಹೋಗಿ ಸಮಾಧಾನವಾಗಿ ಮಾತಾಡಿ. ಹೇಳಿದರೆ ಕೇಳುತ್ತಾರೆ.

ಗೋಕಾಕದ_ತಾಯಿ

ಇಲ್ಲಿ ಒಂದು ಮಾತು ಸೇರಿಸಬೇಕು. ಎಲ್ಲ ಮಕ್ಕಳಿಗೂ ಕಾಯ್ದರೆ ಓದು ಬರುತ್ತದೆ ಅಂತ ಅಲ್ಲ. ನನ್ನ ಮಗ ಮಾತಿನಲ್ಲಿ ಬಲು ಚುರುಕು, ಲೆಕ್ಕದಲ್ಲಿ ಮುಂದು. ಮೂರನೇ ತರಗತಿ ಮುಗಿದರೂ ನಿನ್ನೆ ಓದಿದ ಪದ ಇವತ್ತು ಹೊಸದು. ಬ, ಭ, ದ, ಧ ಕಲಸಿಹೋಗುತ್ತಿದ್ದವು. ಸೋಮಾರಿ ಅಂತ ಎಲ್ಲರೂ ಬೈದರು, ಹೊಡೆದವರೂ ಇದ್ದಾರೆ. ಕಣ್ಣು, ಕಿವಿ ತೋರಿಸಿದೆವು, ಸರಿ ಇದ್ದವು. ಕೊನೆಗೆ ಡಿಸ್ಲೆಕ್ಸಿಯಾ ಅಂತ ಗೊತ್ತಾಯಿತು. ಅವನ ಬುದ್ಧಿಗೆ ಏನೂ ಕಡಿಮೆ ಇಲ್ಲ. ಅಕ್ಷರ ಮತ್ತು ದನಿಯನ್ನು ಜೋಡಿಸುವುದು ಮಾತ್ರ ಅವನಿಗೆ ಕಷ್ಟ.

ಇದನ್ನು ಗುರುತಿಸಲು ಕನ್ನಡದಲ್ಲೂ ಪರೀಕ್ಷೆ ಇದೆ. ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರದವರು ಡಾಲಿ ಅನ್ನುವ ಪರೀಕ್ಷೆಯನ್ನು ಹಿಂದಿ, ಮರಾಠಿ, ಕನ್ನಡ, ಇಂಗ್ಲಿಷ್ ಭಾಷೆಗಳಲ್ಲಿ ಮಾಡಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇಂಥ ಕಲಿಕೆಯ ತೊಂದರೆಯೂ ಸೇರಿದೆ. ಸರ್ಟಿಫಿಕೇಟ್ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಸಿಗುತ್ತದೆ. ಒಂದನೇ ತರಗತಿಯಲ್ಲೇ ಗಾಬರಿ ಬೇಡ. ಆದರೆ ಎರಡು ಮೂರು ವರ್ಷ ಚೆನ್ನಾಗಿ ಕಲಿಸಿದ ಮೇಲೂ ಹೀಗೇ ಇದ್ದರೆ ಬೈಯಬೇಡಿ, ತೋರಿಸಿ. ನನ್ನ ಮಗ ಈಗ ಬೇರೆಯವರು ಓದಿ ಹೇಳಿದ ಕಥೆ ಕೇಳಿ, ಅದೇ ಪುಸ್ತಕವನ್ನು ಆಮೇಲೆ ತಾನೇ ನಿಧಾನವಾಗಿ ಓದುತ್ತಾನೆ.

ಅರಿವು_ಕೇಂದ್ರ_ಮೇಲ್ವಿಚಾರಕ, ಬೈಲಹೊಂಗಲ ತಾಲೂಕು

ಗ್ರಾಮ ಪಂಚಾಯ್ತಿ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. 2020ರಲ್ಲಿ "ಓದುವ ಬೆಳಕು" ಕಾರ್ಯಕ್ರಮ ಶುರುವಾದಾಗಿನಿಂದ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಹಳ್ಳಿಯಲ್ಲಿ ಇರುವವರು ದಯವಿಟ್ಟು ಮಾಡಿಸಿ. ಪೇಟೆಯಲ್ಲಿ ಇರುವವರಿಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನುವ ವೆಬ್‌ಸೈಟ್ ಇದೆ. ಕನ್ನಡದ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ, ಓದಿನ ಮಟ್ಟದ ಪ್ರಕಾರ ಬೇರೆಬೇರೆ ಮಾಡಿ ಇಟ್ಟಿದ್ದಾರೆ. ಮೊದಲ ಮಟ್ಟದ ಪುಸ್ತಕದಲ್ಲಿ ಪುಟಕ್ಕೆ ಒಂದೋ ಎರಡೋ ಸಾಲು ಅಷ್ಟೇ.

ನಾನು ದಿನಾ ನೋಡುವ ಒಂದು ಸಂಗತಿ ಹೇಳುತ್ತೇನೆ. ಸಣ್ಣ ಮಕ್ಕಳು ಬಂದು ಅದೇ ಪುಸ್ತಕವನ್ನೇ ಮತ್ತೆ ಮತ್ತೆ ಕೇಳುತ್ತವೆ. ಹೊಸದು ಕೊಟ್ಟರೆ ಬೇಡ ಅನ್ನುತ್ತವೆ. ದೊಡ್ಡವರು "ಅದ ಓದೀಯಲ್ಲ, ಬ್ಯಾರೇದ ತಗೋ" ಅಂತ ಗದರಿಸುತ್ತಾರೆ. ಗದರಿಸಬೇಡಿ. ಗಾಂಧಿಚೌಕದವರ ಅಜ್ಜಿ ಮಾಡಿದ್ದನ್ನೇ ಆ ಮಗು ಮಾಡುತ್ತಿದೆ. ಕಥೆ ಬಾಯಿಗೆ ಬಂದಿದೆ, ಈಗ ಅಕ್ಷರ ಹುಡುಕುತ್ತಿದೆ.

ಶಹಾಪುರದ_ಅವ್ವ, ಬೆಳಗಾವಿ

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಟ್ಯೂಶನ್ ಬೇಡ ಅಂತ ಅತ್ತೆಯವರಿಗೆ ಹೇಳಿದೆ. ಈ ಚರ್ಚೆಯನ್ನೇ ಓದಿ ಹೇಳಿದೆ, ಒಪ್ಪಿದರು. ಐದು ಕಾರ್ಡ್ ಮಾಡಿದ್ದೇನೆ. "ಗದಗ" ಓದಿದಳು! ಅದು ಊರು ಅಂತ ಅವಳಿಗೆ ಗೊತ್ತೇ ಇರಲಿಲ್ಲ, ಅವರಪ್ಪ ಮ್ಯಾಪ್ ತೆಗೆದು ತೋರಿಸಿದರು.

ಒಂದು ಪ್ರಶ್ನೆ ಉಳಿದಿದೆ. ಅವಳಿಗೆ ಈಗ ಮನೆಯವರ ಹೆಸರು ಬರೆಯಬೇಕಂತೆ. "ಅವ್ವ" ಬರೆದುಕೊಡು ಅನ್ನುತ್ತಾಳೆ. ಅದರಲ್ಲಿ ಒತ್ತಕ್ಷರ ಇದೆ. ಒತ್ತಕ್ಷರ ಕೊನೆಗೆ ಅಂತಾರಲ್ಲ, ಈಗಲೇ ತೋರಿಸಬಹುದಾ?

ನಲಿಕಲಿ_ಅಕ್ಕೋರು, ಜಮಖಂಡಿ

ಪಾಠದ ಕ್ರಮದಲ್ಲಿ ಒತ್ತಕ್ಷರ ಕೊನೆಗೇ ಬರುತ್ತದೆ. ಆದರೆ ಮಗು ತಾನಾಗಿ ಕೇಳಿದಾಗ ಇಲ್ಲ ಅನ್ನಬೇಡಿ. ಬರೆದುಕೊಡಿ, ಪೂರ್ತಿ ಪದವಾಗಿ ನೋಡಲಿ. ಬಿಡಿಸಿ ಹೇಳುವ ಕೆಲಸ ಈಗ ಬೇಡ. ಮಾಸ್ತರರು ಏನನ್ನುತ್ತಾರೋ ನೋಡೋಣ.

ಹಳೆಯ_ಮಾಸ್ತರ, ಇಂಡಿ

ಧಾರಾಳವಾಗಿ ತೋರಿಸಿ ತಾಯಿ. ನಮ್ಮ ಮಕ್ಕಳು ಮೊದಲು ಕಲಿಯುವ ಮಾತುಗಳೇ ಒತ್ತಕ್ಷರದವು. ಅವ್ವ, ಅಪ್ಪ, ಅಕ್ಕ, ಅಣ್ಣ, ರೊಟ್ಟಿ. ಇವನ್ನು ಎರಡನೇ ತರಗತಿಯ ತನಕ ಮುಚ್ಚಿಡುವುದು ಯಾವ ನ್ಯಾಯ? ಇವುಗಳಲ್ಲಿ ಒತ್ತು ಅಂದರೆ ಮೇಲಿನ ಅಕ್ಷರವೇ ತಲಕಟ್ಟು ತೆಗೆದು ಸಣ್ಣದಾಗಿ ಕೆಳಗೆ ಕೂತಿರುತ್ತದೆ. ಮಗು ನೋಡಿದ ಕೂಡಲೇ ಗುರುತು ಹಿಡಿಯುತ್ತದೆ.

ಆಕಾರ ಪೂರ್ತಿ ಬದಲಾಗುವುದು ಆರು ಒತ್ತಿನಲ್ಲಿ: ತ, ನ, ಮ, ಯ, ರ, ಲ. ಅತ್ತಿ, ಅನ್ನ, ತಮ್ಮ, ಬೆಲ್ಲ ಇಂಥವು. ಅವನ್ನು ಆಮೇಲೆ, ಒಂದೊಂದೇ ತೋರಿಸಿ. ರ ಒತ್ತು ಮತ್ತು ಅರ್ಕಾವತ್ತು ಮಾತ್ರ ಒಟ್ಟಿಗೆ ತೋರಿಸಬೇಡಿ, ಕಲಸಿಹೋಗುತ್ತದೆ. "ಚಕ್ರ" ಗಟ್ಟಿಯಾಗಲಿ, ನಂತರ "ರಾಮದುರ್ಗ"ದ ಬಸ್ ಬೋರ್ಡು. ಬೆಲ್ಲದ ಡಬ್ಬಿ, ಅಕ್ಕಿ ಡಬ್ಬಿ, ಉಪ್ಪಿನ ಡಬ್ಬಿ ಮೇಲೆ ಚೀಟಿ ಬರೆದು ಅಂಟಿಸಿ. ಅಡುಗೆ ಮಾಡುವಾಗ "ಬೆಲ್ಲದ ಡಬ್ಬಿ ತಗೊಂಬಾ" ಅಂತ ಅವಳನ್ನೇ ಕಳಿಸಿ. ಡಬ್ಬಿಗಳು ಒಂದೇ ಥರ ಇದ್ದರೆ ಒಳ್ಳೆಯದು. ಇಲ್ಲವಾದರೆ ಬಣ್ಣ ನೋಡಿ ತರುತ್ತಾಳೆ, ಚೀಟಿ ನೋಡುವುದಿಲ್ಲ.